‘ಬಣ್ಣ ಬಳಿದರೆ ಆಯಿತು’ ಎನ್ನುವ ಮುನ್ನ

ಸಂಪಾದಕರಿಗೆ,

ಮಾನ್ಯರೇ,

ತಮ್ಮ ಭಾನುವಾರದ ಪುರವಣಿಯಲ್ಲಿ ಪ್ಲಾಸ್ಟಿಕ್ ರೋಬೋ ಮಾದರಿಗಳ ಜೋಡಣೆಯ ಬಗ್ಗೆ ಬಂದ ಬರಹವನ್ನು ಓದಿ ಸಂತೋಷಪಟ್ಟವರಲ್ಲಿ ನಾನೂ ಒಬ್ಬ. ಈ ಹವ್ಯಾಸದ ಬಗ್ಗೆ ಕನ್ನಡದಲ್ಲಿ ಅಚ್ಚಾದದ್ದನ್ನು ನಾನು ಕಂಡಿರುವುದೇ ಕಡಿಮೆ. ಹಾಗಾಗಿ ಲೇಖಕರಿಗೂ ತಮಗೂ ಮೊದಲು ವಂದನೆ. ಬಿಡಿಭಾಗಗಳೆಲ್ಲ ಅಂಟಿಕೊಂಡು ಬರುವ ಪ್ಲಾಸ್ಟಿಕ್ ಚೌಕಟ್ಟಿನಿಂದ ಅವನ್ನು ಕತ್ತರಿಸಿಕೊಳ್ಳುವುದರಿಂದ ಹಿಡಿದು ತೋಳು, ಕಾಲು, ಮುಂಡಗಳನ್ನು ಸೇರಿಸುವವರೆಗೆ ಅವರು ಹೇಳಿರುವುದೆಲ್ಲ ಸರಿಯಾಗಿಯೇ ಇದೆ. ಆದರೆ ಬಣ್ಣ ಬದಲಿಸಿಕೊಳ್ಳಬೇಕೆನ್ನುವವರು ಪೂರ್ತಿ ಜೋಡಿಸಿದ ಮೇಲೆ ಇಷ್ಟವಾದ ಬಣ್ಣವನ್ನು ಥಿನ್ನರಿನಲ್ಲಿ ತೆಳುವಾಗಿಸಿ ಬಳಿದರೆ ಆಯಿತು ಎಂಬ ಒಂದು ವಾಕ್ಯ ಬರಹದ ಕೊನೆಯಲ್ಲಿದೆ. ನನ್ನ ತಕರಾರು ಆ ವಾಕ್ಯದ ಮೇಲೆ, ಅದರಲ್ಲೂ ‘ಆಯಿತು’ ಎಂಬ ಕೊನೆಯ ಪದದ ಮೇಲೆ. ನಾನೂ ಒಮ್ಮೆ ಹಾಗೆಯೇ ‘ಆಯಿತು’ ಎಂದುಕೊಂಡು ಮಲಗಿದ್ದೆ. ಬೆಳಿಗ್ಗೆ ಎದ್ದು ನೋಡಿದರೆ ಮೇಜಿನ ಮೇಲಿದ್ದ ರೋಬೋ ಒಂದು ಪಾದ ಕಳೆದುಕೊಂಡು ಪಕ್ಕಕ್ಕೆ ಒರಗಿತ್ತು. ಪುರವಣಿ ಓದಿದ ನನ್ನ ಮಗಳು ತಾನು ಜೋಡಿಸಿಟ್ಟಿದ್ದ ಕಿಟ್ಟನ್ನು ಒಂದು ಕೈಯಲ್ಲೂ ಕುಂಚವನ್ನು ಇನ್ನೊಂದು ಕೈಯಲ್ಲೂ ಹಿಡಿದು ನನ್ನ ಮುಂದೆ ಬಂದು ನಿಂತದ್ದರಿಂದ ಈ ಪತ್ರ ಬರೆಯಬೇಕಾಯಿತು.

ಬಣ್ಣ ಬಳಿಯುವುದು ಈ ಹವ್ಯಾಸಕ್ಕೆ ಆಮೇಲೆ ಅಂಟಿಕೊಂಡ ಶೋಕಿಯೇನೂ ಅಲ್ಲ. ಜಪಾನಿನ ದೂರದರ್ಶನದಲ್ಲಿ 1979ರಲ್ಲಿ ದೈತ್ಯ ರೋಬೋಗಳ ಕಥೆಯ ‘ಮೊಬೈಲ್ ಸೂಟ್ ಗಂಡಮ್’ ಸರಣಿ ಆರಂಭವಾಯಿತು. ಮರುವರ್ಷವೇ ಬಂಡಾಯ್ ಕಂಪನಿ (ನಮ್ಮ ಬಂಡಾಯಕ್ಕೂ ಇದಕ್ಕೂ ನಂಟಿಲ್ಲ) ಅದರ ನಾಯಕ ಯಂತ್ರದ ಕಿಟ್ಟನ್ನು ಮಾರುಕಟ್ಟೆಗೆ ತಂದಿತು. ಕಥೆಯಲ್ಲಿ 18 ಮೀಟರ್ ಎತ್ತರವಿರುವ ಯಂತ್ರವನ್ನು 144ರಲ್ಲಿ ಒಂದು ಪಾಲಿಗೆ ಇಳಿಸಿದಾಗ ಅಂಗೈಯಲ್ಲಿ ನಿಲ್ಲುವ ಹನ್ನೆರಡೂವರೆ ಸೆಂಟಿಮೀಟರಿನ ಗೊಂಬೆಯಾಯಿತು. ಆ ಮೊದಲ ಕಿಟ್ಟನ್ನು ಬಿಳಿಯ ಪ್ಲಾಸ್ಟಿಕ್ಕಿನಲ್ಲಿ ಎರಕ ಹೊಯ್ದಿದ್ದರು. ಅಂಟು ಹಚ್ಚದೆ ಅದು ಕೂಡುತ್ತಿರಲಿಲ್ಲ, ಬಣ್ಣ ಹಚ್ಚದೆ ಪೆಟ್ಟಿಗೆಯ ಮೇಲಿನ ಚಿತ್ರದಂತೆ ಕಾಣುತ್ತಿರಲಿಲ್ಲ. ಮುಂದೆ 1990ರಲ್ಲಿ ಹೈ ಗ್ರೇಡ್, 1995ರಲ್ಲಿ ಮಾಸ್ಟರ್ ಗ್ರೇಡ್, 1998ರಲ್ಲಿ ಪರ್ಫೆಕ್ಟ್ ಗ್ರೇಡ್, 2010ರಲ್ಲಿ ರಿಯಲ್ ಗ್ರೇಡ್ ಎಂದು ಒಂದೊಂದೇ ಶ್ರೇಣಿ ಬರುತ್ತ, ಕೆಂಪು ಭಾಗ ಕೆಂಪು ಪ್ಲಾಸ್ಟಿಕ್ಕಿನಲ್ಲೇ, ನೀಲಿ ಭಾಗ ನೀಲಿಯಲ್ಲೇ ಸಿಗುವಂತಾಯಿತು. ಅಂಟಿನ ಅಗತ್ಯವೂ ತಪ್ಪಿ, ಒತ್ತಿದರೆ ‘ಟಕ್’ ಎಂದು ಕೂರುವ ಗೂಟಗಳು ಬಂದವು. ಈ ಅನುಕೂಲ ದೊಡ್ಡದು, ನಾನು ಅದನ್ನು ಹಳಿಯುತ್ತಿಲ್ಲ. ಆದರೆ ಬಣ್ಣವೆಂದರೆ ಸಿದ್ಧವಾದ ಗೊಂಬೆಯ ಮೇಲೆ ಕೊನೆಗೆ ಸವರುವ ಲೇಪ ಎಂಬ ಭಾವನೆ ಬೆಳೆದದ್ದೂ ಇದೇ ಅನುಕೂಲದಿಂದ. ಬಣ್ಣ ಬದಲಿಸುವ ಉದ್ದೇಶವಿದ್ದರೆ ಕೆಲಸದ ಕ್ರಮವೇ ಬೇರೆಯಾಗುತ್ತದೆ, ಆ ಕ್ರಮ ಮೊದಲ ಭಾಗವನ್ನು ಕತ್ತರಿಸುವ ಮುನ್ನವೇ ಶುರುವಾಗುತ್ತದೆ.

ಮೊದಲು ಪ್ಲಾಸ್ಟಿಕ್ಕಿನ ವಿಷಯ. ‘ಪ್ಲಾಸ್ಟಿಕ್ ಕಿಟ್’ ಎಂದು ಒಂದೇ ಉಸಿರಿನಲ್ಲಿ ಹೇಳಿಬಿಡುತ್ತೇವಾದರೂ ಪೆಟ್ಟಿಗೆಯೊಳಗಿರುವುದು ಎರಡು ಮೂರು ಬಗೆಯ ಪ್ಲಾಸ್ಟಿಕ್. ಹೊರಕವಚದ ಭಾಗಗಳು ಸಾಮಾನ್ಯವಾಗಿ ಪಾಲಿಸ್ಟೈರೀನ್. ಹಲವು ಹಳೆಯ ಕಿಟ್‌ಗಳಲ್ಲಿ ಒಳಗಿನ ಅಸ್ಥಿಪಂಜರ, ಕೀಲುಗಳು ಎಬಿಎಸ್ ಎಂಬ ಇನ್ನೊಂದು ಗಟ್ಟಿ ಪ್ಲಾಸ್ಟಿಕ್. ಕೀಲಿನೊಳಗೆ ಕೂರುವ, ಉಗುರಿನಿಂದ ಒತ್ತಿದರೆ ತುಸು ತಗ್ಗುವ ಮೆತ್ತನೆಯ ಬಟ್ಟಲುಗಳು ಪಾಲಿಎಥಿಲೀನ್, ಅಂದರೆ ಚೀಲದ ರೂಪದಲ್ಲಿ ಎಲ್ಲರಿಗೂ ಗೊತ್ತಿರುವ ಪಾಲಿಥಿನ್ನಿನ ಜಾತಿಯದೇ. ಯಾವ ಭಾಗ ಯಾವ ಜಾತಿ ಎಂದು ಊಹಿಸಬೇಕಾಗಿಲ್ಲ. ಚೌಕಟ್ಟಿನ ಅಂಚಿನಲ್ಲಿ ಅದರ ಗುರುತಿನ ಅಕ್ಷರವಿರುವ ಚಿಕ್ಕ ಪಟ್ಟಿಯೊಂದಿರುತ್ತದಲ್ಲ, ಅದನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಪಿಎಸ್ (ಪಾಲಿಸ್ಟೈರೀನ್), ಎಬಿಎಸ್, ಪಿಇ (ಪಾಲಿಎಥಿಲೀನ್) ಎಂದು ಸಣ್ಣದಾಗಿ ಮೂಡಿರುವುದು ಕಾಣುತ್ತದೆ. ಭಾಗಗಳನ್ನೆಲ್ಲ ಕತ್ತರಿಸಿಕೊಂಡು ಚೌಕಟ್ಟನ್ನು ಕಸಕ್ಕೆ ಹಾಕುವಾಗ ಈ ಮಾಹಿತಿಯೂ ಕಸಕ್ಕೆ ಹೋಗುತ್ತದೆ. ನನ್ನ ವಿಷಯದಲ್ಲಿ ಆದದ್ದೂ ಅದೇ.

ಬಿಳಿಯ ಕವಚದ ಆ ರೋಬೋವನ್ನು ಕಡುಹಸಿರಾಗಿಸಬೇಕೆಂಬುದು ನನ್ನ ಆಸೆಯಾಗಿತ್ತು. ಜೋಡಿಸಿ ಮುಗಿಸಿದ ಗೊಂಬೆಗೇ ಕುಂಚದಿಂದ ಎರಡು ಸುತ್ತು ಹಸಿರು ಬಳಿದೆ. ಅಲ್ಲಿಗೆ ಏನೂ ಕೆಡಲಿಲ್ಲ. ಕವಚದ ಮೇಲೆ ಫಲಕಗಳ ಅಂಚಿನಂತೆ ಕೊರೆದ ಸಣ್ಣ ಸಣ್ಣ ಪ್ಯಾನೆಲ್ ಗೆರೆಗಳು ಎದ್ದು ಕಾಣಲೆಂದು ಕಪ್ಪು ಎನಾಮೆಲ್ ಬಣ್ಣವನ್ನು ಅದರದೇ ಥಿನ್ನರಿನಲ್ಲಿ ನೀರಿನಷ್ಟು ತೆಳುವಾಗಿ ಕಲಸಿ, ಕುಂಚದ ತುದಿಯನ್ನು ಗೆರೆಗೆ ತಾಗಿಸಿದೆ. ಕಪ್ಪು ತಾನಾಗಿ ಗೆರೆಯುದ್ದಕ್ಕೂ ಓಡುವುದನ್ನು ನೋಡುವುದೇ ಒಂದು ಸೊಗಸು, ಆ ಸೊಗಸಿನಲ್ಲಿ ಕೈ ಧಾರಾಳವಾಯಿತು. ಹೆಚ್ಚಾದದ್ದು ಮೊಣಕಾಲಿನಿಂದ ಇಳಿದು ಕಣಕಾಲಿನ ಕೀಲಿನೊಳಗೆ ಸೇರಿಕೊಂಡಿತು. ಅದು ಕಣ್ಣಿಗೆ ಬೀಳಲಿಲ್ಲ, ಬಿದ್ದಿದ್ದರೂ ಒರೆಸಲು ಅಲ್ಲಿಗೆ ಬಟ್ಟೆ ಹೋಗುತ್ತಿರಲಿಲ್ಲ. ಬೆಳಿಗ್ಗೆ ಕಂಡದ್ದನ್ನು ಮೇಲೆಯೇ ಹೇಳಿದೆ. ಪಾದವನ್ನು ಕೈಗೆತ್ತಿಕೊಂಡು ನೋಡಿದರೆ ಗೂಟದ ಸುತ್ತಲಿನ ಉಂಗುರ ಸೀಳಿತ್ತು. ಸೀಳಿನ ಅಂಚು ಬಾಗಿ ಮುರಿದಂತೆ ಬೆಳ್ಳಗಾಗಿರದೆ, ಗಾಜು ಒಡೆದಂತೆ ನುಣುಪಾಗಿತ್ತು. ಇನ್ನೊಂದು ಪಾದವನ್ನು ಪರೀಕ್ಷಿಸಲು ಮೆಲ್ಲಗೆ ತಿರುಗಿಸಿದೆ, ‘ಟಿಕ್’ ಎಂದು ಅದೂ ಕೈಗೆ ಬಂತು.

ಕಾರಣ ಆಮೇಲೆ ತಿಳಿಯಿತು. ಕರಗಿದ ಪ್ಲಾಸ್ಟಿಕ್ಕನ್ನು ಅಚ್ಚಿನೊಳಗೆ ಒತ್ತಡದಿಂದ ತುಂಬಿ ತಣಿಸುವುದರಿಂದ ಭಾಗದ ಒಳಗೆ ಒಂದಷ್ಟು ಬಿಗುವು ಉಳಿದುಕೊಂಡಿರುತ್ತದೆ. ಗೂಟವೊಂದು ತನಗಿಂತ ಕೂದಲೆಳೆಯಷ್ಟು ಚಿಕ್ಕದಾದ ರಂಧ್ರದಲ್ಲಿ ಬಿಗಿಯಾಗಿ ಕುಳಿತಾಗ ಆ ಬಿಗುವು ಇನ್ನೂ ಹೆಚ್ಚುತ್ತದೆ. ಬಿಗುವಿಲ್ಲದ ಚಪ್ಪಟೆ ಕವಚದ ಮೇಲೆ ಎನಾಮೆಲ್ ಥಿನ್ನರ್ ಬಿದ್ದರೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ, ಅದಕ್ಕೇ ಅದು ಸಾಧು ಎಂಬ ನಂಬಿಕೆ ಹುಟ್ಟಿರುವುದು. ಬಿಗುವಿರುವ ಕಡೆ ಅದು ಸಂದಿಯೊಳಗೆ ಹೀರಿಕೊಂಡು, ನಿಧಾನವಾಗಿ ಆರುವ ಸ್ವಭಾವದಿಂದಾಗಿ ಗಂಟೆಗಟ್ಟಲೆ ಅಲ್ಲೇ ನಿಂತು, ಪ್ಲಾಸ್ಟಿಕ್ಕಿನ ಉದ್ದುದ್ದ ಅಣುಸರಪಳಿಗಳ ಹಿಡಿತವನ್ನು ಸಡಿಲಿಸುತ್ತದೆ. ಎಳೆಯುತ್ತಿರುವ ಹಗ್ಗದ ಎಳೆಗಳನ್ನು ಒಳಗಿನಿಂದ ಯಾರೋ ಬಿಚ್ಚಿದ ಹಾಗೆ. ಎಬಿಎಸ್ ಈ ವಿಷಯದಲ್ಲಿ ಬಹಳ ನಾಜೂಕು. ಬಿಗಿಯಾಗಿ ಕೂಡಿಸಿದ ಪಾಲಿಸ್ಟೈರೀನ್ ಕೂಡ ನಂಬಿಕೆಗೆ ಅರ್ಹವಲ್ಲ.

ಇಷ್ಟು ವಿವರಿಸಿದ್ದೇಕೆಂದರೆ, ಪುರವಣಿಯ ಬರಹದಲ್ಲಿ ‘ಥಿನ್ನರ್’ ಎಂದು ಮಾತ್ರ ಇದೆ, ಯಾವ ಥಿನ್ನರ್ ಎಂದಿಲ್ಲ. ಮರದ ಸಾಮಾನಿಗೆ ಲ್ಯಾಕರ್ ಹೊಡೆಯುವವರು ಬಳಸುವ ಕಟುವಾದ ಥಿನ್ನರ್ ಪಾಲಿಸ್ಟೈರೀನನ್ನು ನೇರವಾಗಿ ಕರಗಿಸಿಬಿಡುತ್ತದೆ; ಕುಂಚದಲ್ಲಿ ಅದನ್ನು ಕವಚಕ್ಕೆ ಸವರಿದರೆ ಅಂಚುಗಳು ಮೊಂಡಾಗಿ ಗೆರೆಗಳು ಮುಚ್ಚಿಹೋಗುತ್ತವೆ. ಮಾದರಿಗಳಿಗೆಂದೇ ಬರುವ ಬಣ್ಣಗಳಲ್ಲಿ ಲ್ಯಾಕರ್, ಎನಾಮೆಲ್, ನೀರಿನಲ್ಲಿ ಕಲಸುವ ಅಕ್ರಿಲಿಕ್ ಎಂಬ ಮೂರು ಬಗೆಯಿದ್ದು, ಮೊದಲ ಬಾರಿಗೆ ಕುಂಚ ಹಿಡಿಯುವವರಿಗೆ, ಅದರಲ್ಲೂ ಮಕ್ಕಳಿಗೆ, ನೀರಿನ ಅಕ್ರಿಲಿಕ್ಕೇ ತಕ್ಕದ್ದು. ದಪ್ಪಗೆ ಒಮ್ಮೆ ಬಳಿಯುವುದಕ್ಕಿಂತ ತೆಳುವಾಗಿ ಮೂರು ಸುತ್ತು ಬಳಿಯಬೇಕು. ಕೆಳಗಿನ ಸುತ್ತು ಪೂರ್ತಿ ಆರುವ ಮೊದಲು ಕುಂಚ ತಾಗಿಸಿದರೆ ಅದು ಎದ್ದು ಬರುತ್ತದೆ.

ಎರಡನೆಯದಾಗಿ, ಪೂರ್ತಿ ಜೋಡಿಸಿದ ಮೇಲೆ ಬಳಿಯುವುದು. ಕೈಕಾಲು ಆಡುವ ಗೊಂಬೆಗೆ ಇದು ಸಲ್ಲದು. ಕೀಲು ಮಡಿಸಿದಾಗ ಒಳಗಿನ ಬಣ್ಣವಿಲ್ಲದ ಭಾಗ ಹಲ್ಲು ಕಿಸಿದಂತೆ ಕಾಣುತ್ತದೆ, ಒಂದನ್ನೊಂದು ಉಜ್ಜುವ ಮೈಗಳಲ್ಲಿ ಹೊಸ ಬಣ್ಣ ಸಿಪ್ಪೆಯೆದ್ದು ಹಳೆಯದು ಇಣುಕುತ್ತದೆ. ಎಷ್ಟೇ ತೆಳುವಾದರೂ ಬಣ್ಣಕ್ಕೊಂದು ದಪ್ಪವಿದೆ. ತಯಾರಕರು ಗೂಟ ಮತ್ತು ರಂಧ್ರದ ಅಳತೆಯನ್ನು ಬಣ್ಣವಿಲ್ಲದ ಪ್ಲಾಸ್ಟಿಕ್ಕಿಗೆ ಲೆಕ್ಕ ಹಾಕಿರುತ್ತಾರೆ. ಆದ್ದರಿಂದ ಬಲ್ಲವರು ಗೊಂಬೆಯನ್ನು ಮೊದಲು ಬಣ್ಣವಿಲ್ಲದೆ ಜೋಡಿಸಿ ನೋಡಿ, ಆಮೇಲೆ ಬಿಚ್ಚಿ, ಭಾಗಭಾಗವಾಗಿ ಬಣ್ಣ ಹಚ್ಚಿ, ಮತ್ತೆ ಜೋಡಿಸುತ್ತಾರೆ. ಬಿಗಿಯಾಗಿ ಕೂತ ಭಾಗಗಳನ್ನು ಬಿಚ್ಚುವುದು ಸುಲಭವಲ್ಲ ಎಂಬ ಕಾರಣಕ್ಕೆ, ಮೊದಲ ಜೋಡಣೆಗೆ ಮುನ್ನವೇ ಗೂಟದ ತುದಿಯನ್ನು ಓರೆಯಾಗಿ ತುಸು ಕತ್ತರಿಸಿಟ್ಟುಕೊಳ್ಳುವ ರೂಢಿಯಿದೆ. ಹೀಗೆ ಮಾಡಿದರೆ ಭಾಗ ಹಿಡಿದುಕೊಳ್ಳುತ್ತದೆ, ಆದರೆ ಕಚ್ಚಿಕೊಳ್ಳುವುದಿಲ್ಲ. ಬಣ್ಣ ಹಚ್ಚುವಾಗ ಗೂಟಕ್ಕೂ ರಂಧ್ರಕ್ಕೂ ಅಂಟುಪಟ್ಟಿ ಸುತ್ತಿ ಕಾಪಾಡಬೇಕು. ಮೆತ್ತನೆಯ ಪಾಲಿಎಥಿಲೀನ್ ಬಟ್ಟಲುಗಳ ಮೇಲೆ ಯಾವ ಬಣ್ಣವೂ ನಿಲ್ಲುವುದಿಲ್ಲ; ಅವನ್ನು ತೆಗೆದು ಪಕ್ಕಕ್ಕಿಡುವುದೇ ಸರಿ.

ಕತ್ತರಿಸುವ ಬಗ್ಗೆ ಬರಹದಲ್ಲಿ ಚೆನ್ನಾಗಿಯೇ ಹೇಳಿದ್ದಾರೆ, ಆದರೆ ಬಣ್ಣ ಹಚ್ಚುವವರಿಗೆ ಅದು ಸಾಲದು. ನಿಪ್ಪರ್ ಎಂಬ ಕತ್ತರಿಸುವ ಇಕ್ಕಳದಲ್ಲಿ ಮೊದಲ ಕತ್ತರಿಕೆಯನ್ನು ಭಾಗದಿಂದ ಎರಡು ಮೂರು ಮಿಲಿಮೀಟರ್ ದೂರದಲ್ಲಿ ಮಾಡಿ, ಉಳಿದ ಮೊಳೆಯನ್ನು ಎರಡನೆಯ ಕತ್ತರಿಕೆಯಲ್ಲಿ ತೆಗೆಯಬೇಕು. ಒಮ್ಮೆಗೇ ಹತ್ತಿರ ಕತ್ತರಿಸಿದರೆ ಆ ಜಾಗ ಹಿಂಡಿಹೋಗಿ ಬೆಳ್ಳಗಾಗುತ್ತದೆ, ಕೆಲವೊಮ್ಮೆ ಒಳಕ್ಕೆ ಚಿಕ್ಕ ಗುಂಡಿಯೇ ಬೀಳುತ್ತದೆ. ಬಿಳಿ ಕಲೆಯನ್ನು ಬಣ್ಣ ಮುಚ್ಚುತ್ತದೆ. ಗುಂಡಿಯನ್ನು ಮುಚ್ಚುವುದಿಲ್ಲ. ಅಷ್ಟೇ ಅಲ್ಲ, ಬಣ್ಣವಿಲ್ಲದಾಗ ಕಣ್ಣು ಕ್ಷಮಿಸಿದ್ದ ಗೀರು, ತರಿ, ಎರಡು ಹೋಳು ಕೂಡಿದ ಗೆರೆ, ಇವೆಲ್ಲ ಒಂದೇ ಬಣ್ಣದ ಲೇಪ ಬಿದ್ದ ಮೇಲೆ ಎದ್ದು ಕೂಗುತ್ತವೆ. 400ರ ಸ್ಯಾಂಡ್‌ಪೇಪರಿನಿಂದ ಆರಂಭಿಸಿ 600, 800 ಎಂದು ಹೆಚ್ಚು ಹೆಚ್ಚು ನಯವಾದದ್ದಕ್ಕೆ ಏರುತ್ತ ಹೋಗುವುದು, ಅದೂ ಪೇಪರನ್ನು ನೀರಿನಲ್ಲಿ ಅದ್ದಿಕೊಂಡು ಉಜ್ಜುವುದು, ಬೇಸರದ ಕೆಲಸವೇ ಸರಿ. ನನ್ನ ಲೆಕ್ಕದಲ್ಲಿ ಬಣ್ಣ ಬದಲಿಸುವ ಕೆಲಸದ ಮುಕ್ಕಾಲು ಪಾಲು ಸಮಯ ಇಲ್ಲಿಯೇ ಕಳೆಯುತ್ತದೆ, ಬಣ್ಣದ ಬಾಟಲಿಯ ಮುಚ್ಚಳ ತೆರೆಯುವುದು ಆಮೇಲೆ.

ಉಜ್ಜಿದ ಭಾಗಗಳನ್ನು ಪಾತ್ರೆ ತೊಳೆಯುವ ಸೋಪಿನ ನೀರಿನಲ್ಲಿ ತೊಳೆದು ಒಣಗಿಸಬೇಕು, ಏಕೆಂದರೆ ಬೆರಳಿನ ಜಿಡ್ಡು, ಅಚ್ಚಿನಿಂದ ಬಂದ ಎಣ್ಣೆ, ಉಜ್ಜಿದ ಪುಡಿ ಇವುಗಳ ಮೇಲೆ ಬಣ್ಣ ಹಿಡಿಯುವುದಿಲ್ಲ. ಆಮೇಲೆ ಬರುವುದು ಪ್ರೈಮರ್. ಅದನ್ನು ಬಣ್ಣಕ್ಕೆ ಹಿಡಿತ ಕೊಡುವ ಅಸ್ತರಿ ಎಂದಷ್ಟೇ ತಿಳಿದವರು ಹೆಚ್ಚು. ಬೂದುಬಣ್ಣದ ಪ್ರೈಮರ್ ನಿರ್ದಾಕ್ಷಿಣ್ಯವಾದ ಪರೀಕ್ಷಕನೂ ಹೌದು. ಉಳಿದ ಒಂದು ಗೀರನ್ನೂ ಅದು ಬಿಡದೆ ತೋರಿಸುತ್ತದೆ, ಮತ್ತೆ ಸ್ಯಾಂಡ್‌ಪೇಪರಿಗೆ ಕಳಿಸುತ್ತದೆ.

ಬಣ್ಣದ ಆಯ್ಕೆಯಲ್ಲಿ ಹೊಸಬರು ಮೋಸಹೋಗುವ ಒಂದು ಜಾಗವಿದೆ. ನನ್ನಂತೆ ಬಿಳಿಯನ್ನು ಹಸಿರಾಗಿಸುವುದು ಸುಲಭ. ಮಗಳು ಕೇಳುತ್ತಿರುವಂತೆ ಕಡುನೀಲಿಯನ್ನು ಹಳದಿಯಾಗಿಸುವುದು ಹಾಗಲ್ಲ. ಹಳದಿಗೆ ಕೆಳಗಿನದನ್ನು ಮುಚ್ಚುವ ಶಕ್ತಿ ಕಡಿಮೆ. ನೀಲಿಯ ಮೇಲೆ ನೇರವಾಗಿ ಎಷ್ಟು ಸುತ್ತು ಬಳಿದರೂ ಹಸಿರು ಛಾಯೆಯ ಕೊಳಕು ಹಳದಿಯೇ ಸಿಗುತ್ತದೆ, ಅಷ್ಟರಲ್ಲಿ ಗೆರೆಗಳೆಲ್ಲ ಬಣ್ಣದಲ್ಲಿ ಹೂತುಹೋಗಿರುತ್ತವೆ. ಪ್ರೈಮರಿನ ಮೇಲೆ ಬಿಳಿಯನ್ನೋ, ಹಳದಿ ಬೆಚ್ಚಗೆ ಕಾಣಬೇಕಿದ್ದರೆ ನಸುಗುಲಾಬಿಯನ್ನೋ ತೆಳುವಾಗಿ ಕೊಟ್ಟು, ಅದರ ಮೇಲೆ ಹಳದಿಯನ್ನು ತರಬೇಕು. ಹಳದಿಯ ಕೆಳಗೆ ಗುಲಾಬಿಯೇ ಎಂದು ಮಗಳು ನಕ್ಕಳು, ನಾನು ಒಂದು ಚೂರು ಪ್ಲಾಸ್ಟಿಕ್ಕಿನ ಮೇಲೆ ಎರಡನ್ನೂ ಅಕ್ಕಪಕ್ಕ ಬಳಿದು ತೋರಿಸಿದ ಮೇಲೆ ಸುಮ್ಮನಾದಳು. ಕತ್ತರಿಸಿ ಉಳಿದ ಚೌಕಟ್ಟನ್ನು ಕಾಪಾಡಿಕೊಳ್ಳಲು ಇದು ಇನ್ನೊಂದು ಕಾರಣ: ಬಣ್ಣ, ಥಿನ್ನರ್ ಏನೇ ಇರಲಿ, ಮೊದಲು ಪ್ರಯೋಗವಾಗಬೇಕಾದದ್ದು ಅದರ ಮೇಲೆ. ಹಾಗೆಯೇ ಅಪ್ಪಟ ಕಪ್ಪನ್ನು ಬಳಸುವ ಬಗ್ಗೆಯೂ ನನಗೆ ಹಿಂಜರಿಕೆಯಿದೆ. ಚಿಕ್ಕ ವಸ್ತುವಿನ ಮೇಲೆ ಬಣ್ಣಗಳು ಇರುವುದಕ್ಕಿಂತ ಗಾಢವಾಗಿ ಕಾಣುವುದರಿಂದ, ಅಪ್ಪಟ ಕಪ್ಪಿನಲ್ಲಿ ಕವಚದ ಏರುತಗ್ಗುಗಳೆಲ್ಲ ಮುಳುಗಿ ಒಂದೇ ಮುದ್ದೆಯಾಗುತ್ತವೆ. ಕಡುಬೂದು ಹಚ್ಚಿದರೆ ಅದೇ ಕಪ್ಪಾಗಿ ಕಾಣುತ್ತದೆ.

ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಏರ್‌ಬ್ರಷ್ ಇರುವವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಬಣ್ಣ ಹಾಲಿನ ಹದಕ್ಕಿರಬೇಕು, ಸಿಂಪಡಣೆ ಭಾಗದ ಹೊರಗೆ ಆರಂಭವಾಗಿ ಹೊರಗೇ ಮುಗಿಯಬೇಕು, ತೀರ ದೂರವಾದರೆ ಪುಡಿಪುಡಿಯಾಗುತ್ತದೆ, ತೀರ ಹತ್ತಿರವಾದರೆ ಹರಿಯುತ್ತದೆ.

ಬಣ್ಣದ ಮೇಲಿನ ಲೇಪಗಳ ಕ್ರಮವನ್ನು ಬರಹ ಮುಟ್ಟಿಯೇ ಇಲ್ಲ, ಪ್ಯಾನೆಲ್ ಗೆರೆಗಳ ಪ್ರಶ್ನೆಗೆ ಉತ್ತರವಿರುವುದು ಅಲ್ಲಿಯೇ. ಎನಾಮೆಲ್ ಕಪ್ಪಿನಿಂದ ಗೆರೆ ತುಂಬುವುದು ತಪ್ಪು ಎಂದು ನಾನು ಹೇಳುತ್ತಿಲ್ಲ, ಈಗಲೂ ಹಾಗೆಯೇ ಮಾಡುತ್ತೇನೆ. ಬಿಚ್ಚಿದ ಭಾಗಗಳಿಗೆ ಬಣ್ಣ ಹಚ್ಚಿ, ಅದರ ಮೇಲೆ ಹೊಳಪಿನ ಲ್ಯಾಕರ್ ಲೇಪ ಕೊಟ್ಟು, ಅದು ಗಟ್ಟಿಯಾಗಿ ಆರಿದ ಮೇಲೆ ಗೆರೆ ತುಂಬಿದರೆ, ಹೆಚ್ಚಾದದ್ದನ್ನು ಎನಾಮೆಲ್ ಥಿನ್ನರಿನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ಒರೆಸಬಹುದು. ಆರಿದ ಲ್ಯಾಕರನ್ನು ಆ ಥಿನ್ನರ್ ಕರಗಿಸುವುದಿಲ್ಲ, ಬಿಡಿಯಾಗಿರುವ ಭಾಗದಲ್ಲಿ ಗೂಟದ ಬಿಗಿತವೂ ಇರುವುದಿಲ್ಲ. ನೀರಿನಲ್ಲಿ ನೆನೆಸಿ ಜಾರಿಸುವ ತೆಳು ಚಿತ್ರಪಟ್ಟಿಗಳಾದ ಡೆಕಾಲ್‌ಗಳನ್ನು ಅಂಟಿಸಬೇಕಾದದ್ದೂ ಈ ಹೊಳಪಿನ ಲೇಪದ ಮೇಲೆಯೇ. ಹೊಳಪಿಲ್ಲದ, ಒರಟಾದ ಮ್ಯಾಟ್ ಮೈಯ ಮೇಲೆ ಅಂಟಿಸಿದರೆ ಅಡಿಯಲ್ಲಿ ಗಾಳಿ ಸಿಕ್ಕಿಕೊಂಡು, ಓರೆಯಿಂದ ನೋಡಿದಾಗ ಬೆಳ್ಳಿಯ ಹಾಳೆಯಂತೆ ಮಿನುಗುತ್ತದೆ. ಎಲ್ಲ ಮುಗಿದ ಮೇಲೆ ಮ್ಯಾಟ್ ಲೇಪ. ಆ ಲೇಪವನ್ನು ಗಾಳಿಯಲ್ಲಿ ತೇವ ಹೆಚ್ಚಿರುವ ದಿನ ಸಿಂಪಡಿಸಬಾರದು. ದ್ರಾವಕ ಬೇಗ ಆವಿಯಾಗುತ್ತ ಮೈಯನ್ನು ತಣಿಸುತ್ತದೆ, ತಣಿದ ಮೈಯ ಮೇಲೆ ಗಾಳಿಯ ತೇವ ಹನಿಗಟ್ಟುತ್ತದೆ, ಕಡುಹಸಿರಿನ ಮೇಲೆ ಬೂದಿ ಎರಚಿದ ಹಾಗೆ ಬಿಳಿ ಮುಸುಕು ಕವಿಯುತ್ತದೆ.

ಒಮ್ಮೆ ಬಣ್ಣ ಹಚ್ಚಿ ಕೆಡಿಸಿಕೊಂಡವರೂ ತಮ್ಮ ಓದುಗರಲ್ಲಿ ಇರಬಹುದು. ಹಳೆಯದರ ಮೇಲೆಯೇ ಮತ್ತೆ ಬಳಿಯುವುದಕ್ಕಿಂತ ಅದನ್ನು ತೆಗೆಯುವುದು ವಾಸಿ. ಪಾಲಿಸ್ಟೈರೀನ್ ಭಾಗಗಳ ಮೇಲಿನ ಅಕ್ರಿಲಿಕ್ಕನ್ನೂ ಹಲವು ಲ್ಯಾಕರುಗಳನ್ನೂ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ ತೆಗೆಯಬಹುದು. ಆದರೆ ಗಾಜಿನಂತೆ ಪಾರದರ್ಶಕವಾದ ಭಾಗಗಳನ್ನೂ, ಎಬಿಎಸ್ ಭಾಗಗಳನ್ನೂ, ಜೋಡಿಸಿಯೇ ಇರುವ ಯಾವುದನ್ನೂ ಅದರಲ್ಲಿ ಮುಳುಗಿಸಬಾರದು. ಕಾರಣ ಮತ್ತೆ ಆ ಬಿಗುವಿನದೇ.

ಕೊನೆಯ ವಿಷಯ ಗೊಂಬೆಯದಲ್ಲ, ಮಾಡುವವರ ಶ್ವಾಸಕೋಶದ್ದು. ಬರಹದಲ್ಲಿ ಇದರ ಬಗ್ಗೆ ಒಂದಕ್ಷರವೂ ಇಲ್ಲದಿದ್ದುದು ನನಗೆ ಎಲ್ಲಕ್ಕಿಂತ ಹೆಚ್ಚು ಕಳವಳ ತಂದಿತು. ಲ್ಯಾಕರ್ ಥಿನ್ನರುಗಳಲ್ಲಿ ಅಸಿಟೋನ್, ಟಾಲ್ವೀನ್, ಜೈಲೀನಿನಂಥ ದ್ರಾವಕಗಳಿರುತ್ತವೆ. ಮೂಗಿಗೆ ಕಟ್ಟುವ ಬಟ್ಟೆಯಾಗಲಿ, ಧೂಳು ತಡೆಯುವ ಮಾಸ್ಕಾಗಲಿ ಇವುಗಳ ಆವಿಯನ್ನು ತಡೆಯುವುದಿಲ್ಲ. ಅದಕ್ಕೆ ಸಕ್ರಿಯ ಇಂಗಾಲದ ಡಬ್ಬಿಯಿರುವ ಮುಖಗವಸೇ ಬೇಕು, ಜತೆಗೆ ಆವಿ ಹೊರಹೋಗುವ ದಾರಿಯೂ ಬೇಕು. ನೀರಿನ ಬಣ್ಣವಾದರೂ ಏರ್‌ಬ್ರಷ್ಷಿನಿಂದ ಸಿಂಪಡಿಸಿದಾಗ ಅದರ ಕಣಗಳು ಉಸಿರಿನೊಂದಿಗೆ ಒಳಹೋಗುತ್ತವೆ. ಈ ದ್ರಾವಕಗಳು ಥಟ್ಟನೆ ಹೊತ್ತಿಕೊಳ್ಳುವಂಥವು, ಆದ್ದರಿಂದ ಹತ್ತಿರದಲ್ಲಿ ಬೆಂಕಿಯೂ ಕಿಡಿಯೂ ಇರಕೂಡದು. ಬಾಗಿಲು ಮುಚ್ಚಿದ ಕೋಣೆಯಲ್ಲಿ ಹದಿಮೂರರ ಹುಡುಗನೊಬ್ಬ ಪುರವಣಿಯನ್ನು ಮುಂದಿಟ್ಟುಕೊಂಡು ಥಿನ್ನರ್ ಕಲಸುತ್ತ ಕೂರುವುದನ್ನು ಲೇಖಕರೂ ಬಯಸಲಾರರು.

ಬರಹ ಮುಂದಿನ ವಾರವೂ ಮುಂದುವರಿಯುವುದೆಂದು ಅದರ ಕೊನೆಯಲ್ಲಿ ಸೂಚಿಸಲಾಗಿದೆ. ಆ ಕಂತಿನಲ್ಲಿ ಉಳಿದದ್ದಕ್ಕೆ ಜಾಗ ಸಿಗದಿದ್ದರೂ, ಚೌಕಟ್ಟಿನ ಮೇಲಿನ ಪಿಎಸ್, ಎಬಿಎಸ್ ಗುರುತಿನ ಬಗ್ಗೆ ಎರಡು ಸಾಲು, ಮುಖಗವಸಿನ ಬಗ್ಗೆ ಎರಡು ಸಾಲು ಪ್ರಕಟಿಸಬೇಕೆಂದು ಕೋರುತ್ತೇನೆ. ಮಗಳ ರೋಬೋ ಸದ್ಯಕ್ಕೆ ಕೈಕಾಲು ಕಳಚಿಕೊಂಡು, ಒಂದೊಂದು ಭಾಗವೂ ಒಂದೊಂದು ಕಡ್ಡಿಯ ತುದಿಯಲ್ಲಿ ನಿಂತು, ಬೂದು ಪ್ರೈಮರಿನಲ್ಲಿ ಒಣಗುತ್ತಿದೆ. ಎಡಭುಜದ ಕವಚದಲ್ಲಿ ನಾವಿಬ್ಬರೂ ನೋಡದೆ ಬಿಟ್ಟಿದ್ದ ಒಂದು ಗೀರನ್ನು ಪ್ರೈಮರ್ ತೋರಿಸಿಕೊಟ್ಟಿರುವುದರಿಂದ ಹಳದಿಯ ಸರದಿ ಇನ್ನೂ ಬಂದಿಲ್ಲ.

ಇಂತಿ,
ತಮ್ಮ ಪತ್ರಿಕೆಯ ಓದುಗ